ಊಟವಾಯಿತೆ, ಮೇಷ್ಟರೆ?

ಕನ್ನಡ ಮೇಷ್ಟರು ಇಂಗ್ಲಿಷ್ ಪಾಠ ಹೇಳುವುದೆಂದರೆ ಅರ್ಚಕರು ದಿನಸಿ ಅಂಗಡಿ ಇಟ್ಟ ಹಾಗೆ. ತಪ್ಪೇನೂ ಇಲ್ಲ, ಆದರೆ ದಾರಿಹೋಕರು ಒಮ್ಮೆ ನಿಂತು ನೋಡುತ್ತಾರೆ. ಬಿ.ಎಂ.ಶ್ರೀಯವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡು ಕನ್ನಡವನ್ನು ಕಟ್ಟಿದರು. ನಾನು ಕನ್ನಡ ಅಧ್ಯಾಪಕನಾಗಿದ್ದುಕೊಂಡು ಇಂಗ್ಲಿಷನ್ನು ರಿಪೇರಿ ಮಾಡಲು ಹೊರಟೆ. ಅದೂ ಯಾರಿಗಾಗಿ ಎನ್ನುತ್ತೀರಿ? ಚೀನಾ ದೇಶದ ಸಿಚುವಾನ್ ಪ್ರಾಂತ್ಯದ ಚೆಂಗ್‌ಡು ನಗರದಲ್ಲಿದ್ದ ಒಬ್ಬ ಹುಡುಗಿಗಾಗಿ!

ಇದು 2019ರ ಅಕ್ಟೋಬರ್ ತಿಂಗಳಿನ ಮಾತು. ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾನೆ. ಅವನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಚೀನೀ ಇಂಜಿನಿಯರೊಬ್ಬರ ಅಕ್ಕನ ಮಗಳು ಆ ವರ್ಷ ಹನ್ನೆರಡನೆಯ ತರಗತಿ. ಮುಂದಿನ ಜೂನಿನಲ್ಲಿ ‘ಗಾವ್‌ಕಾವ್’ ಎಂಬ ದೊಡ್ಡ ಪರೀಕ್ಷೆ. ಒಟ್ಟು 750 ಅಂಕ. ಅದರಲ್ಲಿ 150 ಇಂಗ್ಲಿಷಿಗೆ. ನಮ್ಮಲ್ಲಿ ಸಿ.ಇ.ಟಿ., ನೀಟ್ ಎಂದರೆ ಮನೆಮಂದಿ ಉಸಿರು ಬಿಗಿ ಹಿಡಿಯುತ್ತೇವಲ್ಲ, ಅಲ್ಲಿ ಊರಿಗೆ ಊರೇ ಹಾಗೆ ಹಿಡಿಯುತ್ತದಂತೆ. ಹುಡುಗಿಗೆ ವ್ಯಾಕರಣವೆಲ್ಲ ಬಾಯಿಪಾಠ. ಆದರೆ ಮಾತು ಬಾರದು, ಓದಿದ್ದು ತಲೆಗೆ ಇಳಿಯದು. ಕೋಪಿಸಿಕೊಳ್ಳದೆ ನಿಧಾನವಾಗಿ ಹೇಳಿಕೊಡುವವರು ಬೇಕು.

“ನಾನು ಕನ್ನಡದವನಪ್ಪ,” ಎಂದೆ.

“ಸಾರ್, ನೀವು ನಮಗೆ ಹಳಗನ್ನಡವನ್ನೇ ಅರ್ಥ ಮಾಡಿಸಿದಿರಿ. ಇದು ಅದಕ್ಕಿಂತ ಕಷ್ಟವೇ?” ಎಂದ ಶಿಷ್ಯ.

ಹೊಗಳಿಕೆಗೆ ಸೋಲದ ಮೇಷ್ಟರು ಇನ್ನೂ ಹುಟ್ಟಬೇಕು. ಒಪ್ಪಿಕೊಂಡೆ. ಪ್ರತಿ ಭಾನುವಾರ ನಮ್ಮ ಗಡಿಯಾರದಲ್ಲಿ ಬೆಳಗಿನ 11-30, ಅವರ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆಗೆ, ವೀಚಾಟ್ ಎಂಬ ಚೀನೀ ಆ್ಯಪ್‌ನಲ್ಲಿ ಪಾಠ. ನನ್ನಾಕೆ ಒಗ್ಗರಣೆ ಹಾಕುತ್ತ ಒಳಗಿನಿಂದಲೇ, “ಕುರುಡನ ಕೈ ಕುರುಡ ಹಿಡಿದ ಹಾಗಾಯಿತು!” ಎಂದಳು. ನಾನು ಕೇಳಿಸಿಕೊಳ್ಳದವನಂತೆ ಬಾಗಿಲು ಮುಂದಕ್ಕೆ ಹಾಕಿದೆ.

ಮೊದಲ ದಿನ, “ಹೌ ಆರ್ ಯೂ?” ಎಂದೆ. ಬಂದೂಕಿನ ಕುದುರೆ ಎಳೆದಂತೆ ಉತ್ತರ ಬಂತು: “ಐ ಆಮ್ ಫೈನ್, ಥ್ಯಾಂಕ್ ಯೂ, ಆ್ಯಂಡ್ ಯೂ?” ಮೂರು ಮಾತು, ಒಂದೇ ಉಸಿರು. ಚೀನಾದ ಮಕ್ಕಳು ತಲೆಮಾರಿನಿಂದ ತಲೆಮಾರಿಗೆ ಇದನ್ನು ಮಗ್ಗಿಯಂತೆ ಕಲಿತು ಬಂದಿದ್ದಾರೆಂದು ಆಮೇಲೆ ತಿಳಿಯಿತು. ಒಂದು ವಾರ ಅವಳಿಗೆ ನೆಗಡಿ. ಮೂಗು ಕಟ್ಟಿ, ಕಣ್ಣು ಕೆಂಪಾಗಿ, ಮಾತಿಗೊಮ್ಮೆ ಕೆಮ್ಮು. ಆದರೂ “ಐ ಆಮ್ ಫೈನ್!” ‘ಮೈ ಸರಿಯಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಬಹುದೆಂದು ಅವಳಿಗೆ ಒಪ್ಪಿಸಲು ನನಗೆ ಎರಡು ಭಾನುವಾರ ಹಿಡಿಯಿತು.

ಚೀನೀ ಮಾತಿನಲ್ಲಿ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ, ಇಲ್ಲವೆ ಅನುನಾಸಿಕದಲ್ಲಿ ಮುಗಿಯುತ್ತವೆ. ಇಂಗ್ಲಿಷಿನ ಬೋಳು ವ್ಯಂಜನ ಅವರ ಬಾಯಲ್ಲಿ ನಿಲ್ಲದು. ಹಿಂದೆ ಒಂದು ಸ್ವರ ಅಂಟಿಕೊಳ್ಳುತ್ತದೆ. ಹಾಗಾಗಿ ಅವಳು ಪ್ರತಿ ವಾರವೂ ನನಗೆ ‘ಗುಡ್ಡ’ ಹತ್ತಿಸುತ್ತಿದ್ದಳು. ನಗು ಬಂದರೂ ನಗಲಿಲ್ಲ. ಬಸ್ಸನ್ನು ಬಸ್ಸು ಮಾಡಿ, ಕಾರನ್ನು ಕಾರು ಮಾಡಿ, ಬೆಂಚಿಗೆ ಬಾಲ ಅಂಟಿಸಿದವರು ನಾವು! ‘ಎ’, ‘ದ’ ಎಂಬ ಉಪಪದಗಳನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬ ಗೋಳೂ ನಮಗಿಬ್ಬರಿಗೂ ಸಮಾನ. ಅವಳ ಭಾಷೆಯಲ್ಲೂ ಅವಿಲ್ಲ, ನನ್ನದರಲ್ಲೂ ಇಲ್ಲ. ಅವಳು ನನ್ನನ್ನು ಬರಿದೇ ‘ಟೀಚರ್’ ಎಂದು ಕರೆಯುತ್ತಿದ್ದಳು. ಇಂಗ್ಲಿಷರ ರೀತಿಯಲ್ಲಿ ಅದು ಸರಿಯಲ್ಲ, ತಿದ್ದಬೇಕಾಗಿತ್ತು. ಆದರೆ ‘ಮೇಷ್ಟರೆ’ ಎಂಬ ದನಿಗೆ ಓಗೊಟ್ಟು ಪಳಗಿದ ಕಿವಿ ನನ್ನದು. ತಿದ್ದಲು ಮನಸ್ಸು ಬರಲಿಲ್ಲ.

ತಿದ್ದಲೇಬೇಕೆಂದು ಹಟ ಹಿಡಿದದ್ದು ಎರಡನ್ನು. ಮೊದಲನೆಯದು ‘ಹಿ’ ಮತ್ತು ‘ಷಿ’. ಚೀನೀ ಮಾತಿನಲ್ಲಿ ಅವನು, ಅವಳು, ಅದು ಎಲ್ಲಕ್ಕೂ ‘ತಾ’ ಎಂಬುದೊಂದೇ ಸದ್ದು. ಬರವಣಿಗೆಯಲ್ಲಿ ‘ಅವಳು’ ಎಂಬುದಕ್ಕೆ ಬೇರೆ ಅಕ್ಷರ ಬಳಕೆಗೆ ಬಂದದ್ದೇ 1920ರ ಸುಮಾರಿಗೆ, ಲಿಯು ಬಾನ್‌ನಾಂಗ್ ಎಂಬ ಕವಿಯ ಒತ್ತಾಯದಿಂದ. ಸದ್ದು ಮಾತ್ರ ಬದಲಾಗಲಿಲ್ಲ. ಆದ್ದರಿಂದ ನನ್ನ ಶಿಷ್ಯೆಯ ಬಾಯಲ್ಲಿ, “ನನ್ನ ತಾಯಿ ನರ್ಸು, ಅವನು ಬಹಳ ದಣಿದಿದ್ದಾನೆ.”

ಎರಡನೆಯದು, ಪಾಠದ ಆರಂಭಕ್ಕೆ ಅವಳು ಕೇಳುತ್ತಿದ್ದ ಪ್ರಶ್ನೆ: “ಟೀಚರ್, ಹ್ಯಾವ್ ಯೂ ಈಟನ್?” ಹಳೆಯ ಚೀನೀ ಕುಶಲಪ್ರಶ್ನೆಯ ಅನುವಾದ ಅದು; ನಮ್ಮ ‘ಊಟ ಆಯಿತೆ?’ ಇದ್ದ ಹಾಗೆ. ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ ಹಿರಿಯ ಇಂಗ್ಲಿಷ್ ಅಧ್ಯಾಪಕರೊಬ್ಬರು ಎದುರು ಬಂದರೆಂದು ಗೌರವದಿಂದ, “ಹ್ಯಾವ್ ಯೂ ಫಿನಿಷ್ಡ್ ಯುವರ್ ಮೀಲ್ಸ್, ಸಾರ್?” ಎಂದು ಕೇಳಿಬಿಟ್ಟಿದ್ದೆ. ಅವರು ನಕ್ಕರು, ಅವರ ಜೊತೆಯಲ್ಲಿದ್ದವರೂ ನಕ್ಕರು. ‘ಮೀಲ್ಸ್’ ಎಂಬ ಅಡ್ಡಹೆಸರು ಹಾಸ್ಟೆಲಿನಲ್ಲಿ ನನಗೆ ಎರಡು ವರ್ಷ ಅಂಟಿಕೊಂಡಿತ್ತು. ಆ ಗಾಯ ಇವಳಿಗೆ ಆಗಬಾರದೆಂದು, “ಇದನ್ನು ಮಾತ್ರ ಕೇಳಬೇಡ, ಗುಡ್ ಮಾರ್ನಿಂಗ್ ಎಂದರೆ ಸಾಕು,” ಎಂದು ಗಟ್ಟಿಯಾಗಿ ಹೇಳಿದೆ. ಅವಳು ಒಪ್ಪಿದಳು. ಮುಂದಿನ ವಾರ ಮರೆತಳು.

ಇನ್ನು ಓದು. ಪರೀಕ್ಷೆಯಲ್ಲಿ ಒಂದು ಗದ್ಯಭಾಗ, ಅದರ ಕೆಳಗೆ ಪ್ರಶ್ನೆಗಳು, ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ. ಅವಳು ಮೊದಲು ಪ್ರಶ್ನೆ ನೋಡಿ, ಅದರಲ್ಲಿನ ಪದವನ್ನು ಗದ್ಯದಲ್ಲಿ ಬೇಟೆಯಾಡಿ, ಸಿಕ್ಕಲ್ಲಿ ಗುರುತು ಹಾಕುತ್ತಿದ್ದಳು. “ಪುಸ್ತಕ ಮುಚ್ಚಿ, ಓದಿದ್ದನ್ನು ಎರಡು ಮಾತಿನಲ್ಲಿ ಹೇಳು,” ಎಂದರೆ ಮೌನ. ನೋಡನೋಡುತ್ತ ರೋಗ ತಿಳಿಯಿತು. ನಾವು ‘ನಿನ್ನೆ ಬಂದ ಮನುಷ್ಯ’ ಎನ್ನುತ್ತೇವೆ. ಇಂಗ್ಲಿಷಿನವನು ಮನುಷ್ಯನನ್ನು ಮೊದಲು ನಿಲ್ಲಿಸಿ, ‘ಹೂ ಕೇಮ್ ಯೆಸ್ಟರ್‌ಡೇ’ ಎಂದು ಬಾಲವನ್ನು ಹಿಂದೆ ಕಟ್ಟುತ್ತಾನೆ. ಚೀನೀಯರಲ್ಲಿ ಕ್ರಿಯಾಪದ ಇಂಗ್ಲಿಷಿನಂತೆ ನಡುವೆ ಬಂದರೂ ವಿಶೇಷಣವೆಲ್ಲ ನಮ್ಮ ಹಾಗೆ ನಾಮಪದಕ್ಕೆ ಮುಂಚೆಯೇ: ‘ನಿನ್ನೆ ಬರು-ದ ಮನುಷ್ಯ.’ ಆ ‘ದ’ಕಾರ ಕೂಡ ನಮ್ಮ ‘ಬಂದ’ದ ‘ದ’ದಂತೆಯೇ ನನ್ನ ಕಿವಿಗೆ ಕೇಳಿಸಿತು. ಕಾಕತಾಳೀಯವೇ ಇರಬೇಕು, ಆದರೂ ದೂರದ ನೆಂಟರು ಸಿಕ್ಕಷ್ಟು ಸಂತೋಷವಾಯಿತು.

ಹಳ್ಳಿಯ ಹೈಸ್ಕೂಲಿನಲ್ಲಿ ನಮ್ಮ ಮೇಷ್ಟರು ಇದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು. ಇಂಗ್ಲಿಷ್ ವಾಕ್ಯದ ಬಾಲಗಳಿಗೆಲ್ಲ ಪೆನ್ಸಿಲಿನಿಂದ ಆವರಣ ಹಾಕುವುದು. ಉಳಿದ ಮೈಯನ್ನು ಮೊದಲು ಓದುವುದು. ಆಮೇಲೆ ಒಂದೊಂದೇ ಬಾಲವನ್ನು ತಂದು ಅದರ ನಾಮಪದದ ಮುಂದೆ ಇಡುವುದು. “ಎಮ್ಮೆಯನ್ನು ಬಾಲದಿಂದ ಗುರುತಿಸಬೇಡ್ರೋ, ಮೊದಲು ಎಮ್ಮೆ ನೋಡಿ,” ಎನ್ನುತ್ತಿದ್ದರು. ಕಾಲೇಜು ಸೇರಿದ ಮೇಲೆ ಆ ಆವರಣಗಳನ್ನು ನಾನು ಯಾರಿಗೂ ಕಾಣದಂತೆ ಹಾಕಿ, ಓದಿ, ಅಳಿಸುತ್ತಿದ್ದೆ. ಆ ನಾಚಿಕೆಯ ವಿದ್ಯೆಯನ್ನೇ ಈಗ ಚೆಂಗ್‌ಡುವಿಗೆ ಕಳಿಸಿದೆ. ಮೂರು ವಾರದಲ್ಲಿ ಹುಡುಗಿ ಪುಸ್ತಕ ಮುಚ್ಚಿ ಎರಡು ಮಾತು ಹೇಳಿದಳು. ನಮ್ಮ ಮೇಷ್ಟರು ಆಗಲೇ ತೀರಿಕೊಂಡಿದ್ದರು. ಇದ್ದಿದ್ದರೆ ಫೋನು ಮಾಡುತ್ತಿದ್ದೆ.

ಒಂದು ದಿನ, ನಿಮ್ಮ ದೇಶದವನೊಬ್ಬನನ್ನು ನಮ್ಮ ಮಕ್ಕಳೆಲ್ಲ ಬಲ್ಲರು ಎಂದೆ. ಹ್ಯೂಯೆನ್ ತ್ಸಾಂಗ್ ಎಂದರೆ ಅವಳಿಗೆ ಗೊತ್ತಾಗಲಿಲ್ಲ. ಇಮ್ಮಡಿ ಪುಲಕೇಶಿಯ ಕಾಲಕ್ಕೆ ಬಂದ ಬೌದ್ಧ ಯಾತ್ರಿಕ, 645ರಲ್ಲಿ 657 ಗ್ರಂಥಗಳನ್ನು ಹೊತ್ತು ಹಿಂದಿರುಗಿದವನು ಎಂದು ವಿವರಿಸಿದ ಮೇಲೆ, “ಷ್ವೆನ್‌ಜಾಂಗ್!” ಎಂದು ಕೂಗಿದಳು. ಅವರ ಕಥೆಗಳಲ್ಲಿ ವಾನರವೀರನನ್ನು ಜೊತೆಗೆ ಕರೆದುಕೊಂಡು ಪಶ್ಚಿಮಕ್ಕೆ ಹೋದ ಸಂನ್ಯಾಸಿ ಅವನೇ. ಅವನು ಪೂರ್ಣ ದೀಕ್ಷೆ ಪಡೆದದ್ದೂ ಅವಳ ಊರಾದ ಚೆಂಗ್‌ಡುವಿನಲ್ಲೇ. ಪರಭಾಷೆಯ ಗ್ರಂಥ ಓದಿ ಅರ್ಥಮಾಡಿಕೊಳ್ಳಲೆಂದು ಆತ ಪರ್ವತಗಳನ್ನೇ ದಾಟಿದ. ನಿನಗೆ ನಾಲ್ಕು ಪುಟ ಹೆಚ್ಚೆ, ಎಂದೆ. ನಕ್ಕಳು.

2020ರ ಜನವರಿ 23ರಂದು ವೂಹಾನ್ ನಗರದ ಬಾಗಿಲು ಮುಚ್ಚಿತು. ದೇಶದ ಬೇರೆ ಬೇರೆ ಕಡೆಗಳಿಂದ 42 ಸಾವಿರಕ್ಕೂ ಹೆಚ್ಚು ವೈದ್ಯರು, ದಾದಿಯರು ಆ ಪ್ರಾಂತ್ಯಕ್ಕೆ ಹೋದರು. ಫೆಬ್ರವರಿಯ ಒಂದು ಭಾನುವಾರ ಹುಡುಗಿ ಹೇಳಿದಳು: “ಮೈ ಮದರ್ ವೆಂಟ್ ಟು ವೂಹಾನ್. ಹಿ ವಿಲ್ ಕಮ್ ಬ್ಯಾಕ್ ವೆನ್ ಇಟ್ ಈಸ್ ಫಿನಿಷ್ಡ್.”

ನನ್ನ ಬಾಯಿ ಅಭ್ಯಾಸಬಲದಿಂದ, “ಷಿ,” ಎಂದಿತು.

“ಸಾರಿ, ಟೀಚರ್. ಷಿ,” ಎಂದಳು. ಕಣ್ಣು ಒರೆಸಿಕೊಂಡು ಪುಸ್ತಕ ತೆರೆದಳು.

ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಅನೇಕ ತಪ್ಪುಗಳನ್ನು ತಿದ್ದಿದ್ದೇನೆ. ಆ ಒಂದು ತಿದ್ದುಪಡಿಯನ್ನು ಹಿಂದಕ್ಕೆ ಪಡೆಯುವಂತಿದ್ದರೆ ಎಂದು ಇಂದಿಗೂ ಅನ್ನಿಸುತ್ತದೆ.

ಮಾರ್ಚ್ ಕೊನೆಯ ಹೊತ್ತಿಗೆ ತಾಯಿ ಕ್ಷೇಮವಾಗಿ ಹಿಂದಿರುಗಿದರು. ಅಷ್ಟರಲ್ಲಿ ನಮ್ಮ ಕಡೆ ಲಾಕ್‌ಡೌನ್. ಕಾಲೇಜು ಮುಚ್ಚಿತು, ಸಂಬಳ ಅರ್ಧಕ್ಕಿಳಿಯಿತು. ಪಾಠಕ್ಕೆ ಬರುತ್ತಿದ್ದ 600 ರೂಪಾಯಿ ಮನೆಯ ಹಾಲು ತರಕಾರಿಗೆ ಆಧಾರವಾಯಿತು. ನನ್ನಾಕೆ ಕುರುಡರ ಗಾದೆಯನ್ನು ಮತ್ತೆ ಎತ್ತಲಿಲ್ಲ. ಪರೀಕ್ಷೆ ಒಂದು ತಿಂಗಳು ಮುಂದಕ್ಕೆ ಹೋಗಿ ಜುಲೈ 7ಕ್ಕೆ ನಿಂತಿತು.

ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ಘರ್ಷಣೆಯಾಗಿ ನಮ್ಮ 20 ಮಂದಿ ಯೋಧರು ಮಡಿದರು. ನಮ್ಮ ಬೀದಿಯಲ್ಲಿ ಹುಡುಗರು ಚೀನೀ ಆಟಿಕೆಗಳನ್ನು ಸುಟ್ಟರು. ಹಾಲಿನ ಬೂತಿನ ಮುಂದೆ ಪರಿಚಯದವರೊಬ್ಬರು, “ಏನ್ ಮೇಷ್ಟ್ರೆ, ನಿಮ್ಮ ಚೀನಾ ಶಿಷ್ಯೆ ಹೇಗಿದ್ದಾಳೆ?” ಎಂದರು. ಮಾತಿನಲ್ಲಿ ಮುಳ್ಳಿತ್ತು. ನನ್ನ ಎದೆಯಲ್ಲೂ ಮುಳ್ಳಿರಲಿಲ್ಲವೆಂದರೆ ಸುಳ್ಳಾದೀತು. ಪತ್ರಿಕೆಯಲ್ಲಿ ಆ ಇಪ್ಪತ್ತು ಹೆಸರುಗಳನ್ನು ನಾನೂ ಓದಿದ್ದೆ.

ಮುಂದಿನ ಭಾನುವಾರ, ಜೂನ್ 21, ಸೂರ್ಯಗ್ರಹಣ; ಸರಿಯಾಗಿ ಪಾಠದ ಹೊತ್ತಿಗೆ. ಗ್ರಹಣಕಾಲದಲ್ಲಿ ನಾನು ಎಂದೂ ಕಾಫಿ ಬಿಟ್ಟವನಲ್ಲ. ಆದರೂ, “ಇಂದು ಗ್ರಹಣ, ಪಾಠವಿಲ್ಲ, ಉಪವಾಸ,” ಎಂದು ಬರೆದು ಕಳಿಸಿದೆ. “ಓಕೆ ಟೀಚರ್, ಇಲ್ಲಿಯೂ ಗ್ರಹಣ,” ಎಂದು ಉತ್ತರ ಬಂತು. 28ರಂದು ಫೋನು ಬಡಿದುಕೊಂಡಿತು, ಎತ್ತಲಿಲ್ಲ. 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು; ವೀಚಾಟ್ ಅದರಲ್ಲಿತ್ತು. ಅಂದೇ ಅದನ್ನು ಅಳಿಸಿದೆ. ದೇಶದ ಆಜ್ಞೆ, ಪಾಲಿಸಿದೆ, ಸರಿಯೇ. ಆದರೆ ಆ ಆಜ್ಞೆಗೆ ಎಂಟು ದಿನ ಮೊದಲೇ ಗ್ರಹಣದ ಮರೆಯಲ್ಲಿ ಅಡಗಿ ಕುಳಿತಿದ್ದವನು ಯಾರು? ಯುದ್ಧದ ವಿಷಯ ಹುಡುಗಿ ಆಡಿರಲಿಲ್ಲ, ನಾನೂ ಆಡಿರಲಿಲ್ಲ. ಪರೀಕ್ಷೆಗೆ ಕುಳಿತ ಮಗುವಿಗೆ ‘ಇನ್ನು ಪಾಠವಿಲ್ಲ’ ಎಂದು ಬಾಯಿಬಿಟ್ಟು ಹೇಳುವ ಧೈರ್ಯವಾದರೂ ನನಗೆ ಇರಬೇಕಾಗಿತ್ತು.

ಜುಲೈ 5, ಭಾನುವಾರ. ಹಿಂದೆಂದೋ ಕೊಟ್ಟಿದ್ದ ಇ-ಮೇಲ್ ವಿಳಾಸಕ್ಕೆ ಒಂದು ಪತ್ರ ಬಂದಿತ್ತು. ಅದರ ಜೊತೆಗೆ ಒಂದು ಗದ್ಯಭಾಗದ ಚಿತ್ರ. ವಾಕ್ಯದ ಬಾಲಗಳಿಗೆಲ್ಲ ಪೆನ್ಸಿಲಿನ ಆವರಣ. ಪತ್ರದಲ್ಲಿ ಇದ್ದುದು ಎರಡೇ ಮಾತು. ಕನ್ನಡದಲ್ಲಿ ಹೇಳುವುದಾದರೆ: “ಮೇಷ್ಟರೆ, ಗ್ರಹಣ ಮುಗಿದು ಬಹಳ ದಿನವಾಯಿತು. ಊಟವಾಯಿತೆ?”

ಅಡಿಗೆಮನೆಯಿಂದ ಸಾರಿನ ವಾಸನೆ ಬರುತ್ತಿತ್ತು. ಆ ಪ್ರಶ್ನೆಯಲ್ಲಿ ತಿದ್ದುವಂಥದು ಏನೂ ನನಗೆ ಕಾಣಲಿಲ್ಲ. ಸಂಜೆಯವರೆಗೆ ಕುಳಿತು ಅವಳ ಆವರಣಗಳನ್ನು ನೋಡಿದೆ. ಎರಡು ತಪ್ಪಿದ್ದವು, ಗುರುತು ಮಾಡಿ ಕಳಿಸಿದೆ. ಕೆಳಗೆ, “ಆಯಿತು. ನೀನೂ ಪರೀಕ್ಷೆಯ ದಿನ ಉಂಡು ಹೋಗು. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು,” ಎಂದು ಬರೆದೆ. ಆ ಪಾಠಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಹುಡುಗಿ ತೇರ್ಗಡೆಯಾಗಿ ತನ್ನ ಪ್ರಾಂತ್ಯದಲ್ಲೇ ಕಾಲೇಜು ಸೇರಿದಳು. ಅವರ ಹೊಸ ವರ್ಷಕ್ಕೆ ಅವಳಿಂದ, ಯುಗಾದಿಗೆ ನನ್ನಿಂದ ಒಂದೊಂದು ಪತ್ರ ಈಗಲೂ ಹೋಗಿಬರುತ್ತಿದೆ. ಮೊದಲ ಸಾಲು ಅದೇ. ಈಗ ನನ್ನ ತರಗತಿಯಲ್ಲಿ ಇಂಗ್ಲಿಷ್ ಎಂದರೆ ತಲೆ ತಗ್ಗಿಸುವ ಹಳ್ಳಿಯ ಹುಡುಗರಿಗೂ ಎಮ್ಮೆಯ ಉಪಾಯವನ್ನು ಬಹಿರಂಗವಾಗಿ, ಬೋರ್ಡಿನ ಮೇಲೆಯೇ ಬರೆದು ತೋರಿಸುತ್ತೇನೆ.

ಒಂದು ಗ್ರಹಣ ಎರಡು ವಾರ ಹೇಗೆ ಹಿಡಿಯಿತೆಂದು ಆ ಹುಡುಗಿ ಇದುವರೆಗೆ ಕೇಳಿಲ್ಲ. ನಾನೂ ಹೇಳಿಲ್ಲ. ಓದಿದ್ದನ್ನು ಅರ್ಥಮಾಡಿಕೊಳ್ಳಲು ಅವಳಿಗೆ ಕಲಿಸಿದವನು ನಾನೇ ಆದ್ದರಿಂದ, ಅವಳಿಗೆ ಗೊತ್ತಿಲ್ಲವೆಂದು ನಂಬುವ ಧೈರ್ಯ ನನಗಿಲ್ಲ.