ಹತ್ತು ಸೆಕೆಂಡು, ಹದಿನಾಲ್ಕು ಮುಖ

ಬಲಿಪಾಡ್ಯಮಿಯ ಸಂಜೆ ನಾಲ್ಕೂಮುಕ್ಕಾಲು. ಸಾಗರದ ಕಡೆಯ ಒಂದು ತೋಟದ ಮನೆ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನೀವು ಅಂಗಳದ ನಡುವೆ ನಿಂತಿದ್ದೀರಿ. ಮೊನ್ನೆ ಬೇಯಿಸಿದ ಅಡಿಕೆ ಅಟ್ಟದ ಮೇಲೆ ಒಣಗುತ್ತಿದೆ. ಅದರ ಚೊಗರು ವಾಸನೆಗೆ ಬೆಳಗಿನ ಗೋಪೂಜೆಯ ಚೆಂಡುಹೂವಿನ ಘಾಟು ಸೇರಿಕೊಂಡಿದೆ. ಒಳಗಿನಿಂದ ಹೋಳಿಗೆಯ ತುಪ್ಪದ ಕಂಪು ಬರುತ್ತಿದೆ, ಆದರೆ ನಿಮಗೀಗ ಅದರ ಕಡೆ ಗಮನವಿಲ್ಲ. ಕಣ್ಣು ಪಡುವಣ ಗುಡ್ಡದ ಮೇಲಿದೆ. ಸೂರ್ಯ ಮರಗಳ ತಲೆಗಿಂತ ಒಂದು ಮೊಳ ಮೇಲಿದ್ದಾನೆ. ಅವನು ಮರೆಯಾದ ಮೇಲೆ ಈ ಕಣಿವೆಯ ಮನೆಗೆ ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆಯ ಬೆಳಕು. ನಾಳೆ ಬೆಳಗಿನ ಬಸ್ಸಿಗೆ ಅತ್ತೆ, ಮಾವ ಹೊರಡುತ್ತಾರೆ. ಹದಿನಾಲ್ಕೂ ಜನ ಮತ್ತೆ ಒಂದೇ ಅಂಗಳದಲ್ಲಿ ಸೇರುವುದು ಯಾವಾಗಲೋ.

ಇದಕ್ಕೆಲ್ಲ ಮೂಲ ಅಜ್ಜಿ. ನ್ಯೂಜೆರ್ಸಿಯ ದೊಡ್ಡಪ್ಪನ ಮನೆಯಿಂದ ಪ್ರತಿ ಡಿಸೆಂಬರಿಗೂ ಒಂದು ಕಾರ್ಡು ಬರುತ್ತದೆ. ಕೆಂಪು ಮೇಪಲ್ ಮರದ ಕೆಳಗೆ ನಾಲ್ವರೂ ಒಂದೇ ಬಣ್ಣದ ಸ್ವೆಟರು ಹಾಕಿ ನಿಂತ ಫೋಟೋ. ಅಜ್ಜಿ ಅದನ್ನು ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸುತ್ತಾಳೆ. ಈ ಸಲ ಅವಳದ್ದೊಂದು ತಕರಾರು: "ಅವರು ವರ್ಷವೂ ಕಳಿಸ್ತಾರೆ. ನಾವು ಒಂದಾದರೂ ಕಳಿಸಬೇಡವಾ? ಹೊಸ ಬೀಗರಿಗೂ ಆಗ್ತದೆ." ಮನೆಮಂದಿಯ ಚಿತ್ರದ ಕಾರ್ಡು ಹಳೆಯ ಸಂಗತಿಯೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅಚ್ಚು ಹಾಕಿಸಿದ ಕ್ರಿಸ್ಮಸ್ ಕಾರ್ಡಿನಲ್ಲೇ ಮೂರು ತಲೆಮಾರಿನ ಸಂಸಾರ ಮೇಜಿಗೆ ಕೂತಿದೆ. ಅದರಲ್ಲಿ ಒಂದು ಮಗುವಿಗೆ ವೈನ್ ಕುಡಿಸುತ್ತಿದ್ದಾರೆಂದು ಪಾನವಿರೋಧಿಗಳು ಸಿಡಿದೆದ್ದರಂತೆ. ಆದರೂ ಅದನ್ನು ಬರೆದ ಜಾನ್ ಹಾರ್ಸ್ಲಿ ಪುಣ್ಯವಂತ, ಕುಂಚ ಹಿಡಿದವನು. ಅವನ ಮಗು ಅಲುಗಲಿಲ್ಲ, ಅವನ ಅಜ್ಜ ಮುನಿಸಿಕೊಳ್ಳಲಿಲ್ಲ.

ಮೊದಲು ಜಾಗ ಆಗಬೇಕು. ಚಿಕ್ಕಪ್ಪ ಅಂಗಳದ ಚಪ್ಪರದ ಅಡಿ ಎನ್ನುತ್ತಾನೆ, ಅಲ್ಲಿ ಮಾವಿನ ತೋರಣ ಚೆಂದ ಇದೆ. ನೀವು ಅಲ್ಲಿ ಹೋಗಿ ನಿಂತು ನಿಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತೀರಿ. ಸೋಗೆಯ ಸಂದಿಯಿಂದ ಬಿದ್ದ ಬಿಸಿಲು ಅಂಗೈ ತುಂಬ ಬಿಳಿ ಚುಕ್ಕಿ ಇಟ್ಟಿದೆ. ಇದೇ ಚುಕ್ಕಿ ಅಮ್ಮನ ಮೂಗಿನ ಮೇಲೆ, ಮಾವನ ಬೋಳುತಲೆಯ ಮೇಲೆ ಬಿದ್ದರೆ ಯಾವ ಅಂಗಡಿಯವನೂ ಅಳಿಸಿಕೊಡಲಾರ. ತೋಟದ ದಾರಿಯಲ್ಲಿ ನಿಲ್ಲಿಸಿದರೆ ಹಿಂದೆ ಹಸಿರೇನೋ ಇದೆ, ಬೆಳಕು ಮಾತ್ರ ನೆತ್ತಿಯಿಂದ ಇಳಿದು ಕಣ್ಣುಗಳನ್ನೆಲ್ಲ ಕಪ್ಪು ಗುಳಿ ಮಾಡುತ್ತದೆ. ಕೊನೆಗೆ ಜಗುಲಿಯೇ ಸರಿ. ಹೆಂಚಿನ ಮಾಡು ಮೇಲಿನ ಬೆಳಕನ್ನು ತಡೆಯುತ್ತದೆ, ಮುಂದಿನ ತೆರೆದ ಆಕಾಶ ಮುಖಗಳನ್ನು ತುಂಬುತ್ತದೆ. ಮೂರು ಮೆಟ್ಟಿಲು ಇರುವುದರಿಂದ ತಲೆಗಳೂ ತಾವಾಗಿಯೇ ಮೇಲೆ ಕೆಳಗಾಗುತ್ತವೆ.

"ಎಲ್ಲಾ ಬನ್ನಿ," ಎಂದು ಕೂಗುತ್ತೀರಿ. ಯಾರೂ ಬರುವುದಿಲ್ಲ. ಅತ್ತೆ ಸೀರೆ ಬದಲಿಸುತ್ತಿದ್ದಾರೆ. ಮಾವ ಯಾರದೋ ಫೋನಿನಲ್ಲಿದ್ದಾರೆ. ಮಕ್ಕಳು ಕೊಟ್ಟಿಗೆಯಲ್ಲಿ. ಬೆನ್ನಿನ ಮೇಲಿನ ಬಿಸಿಲು ತಣ್ಣಗಾದದ್ದು ಅಂಗಿಯ ಮೂಲಕವೇ ತಿಳಿಯುತ್ತದೆ, ತಿರುಗಿ ನೋಡುವ ಅಗತ್ಯವಿಲ್ಲ.

ಬಂದವರು ಶಾಲೆಯ ಪ್ರಾರ್ಥನೆಗೆ ನಿಂತಂತೆ ಒಂದೇ ಸಾಲಾಗುತ್ತಾರೆ. ಅವರನ್ನು ಒಡೆಯಬೇಕು. ಅಜ್ಜ, ಅಜ್ಜಿ ನಡುವಿನ ಕುರ್ಚಿಗಳಲ್ಲಿ. ಅಪ್ಪ, ಅಮ್ಮ ಹಿಂದೆ. ಚಿಕ್ಕವರು ಮೆಟ್ಟಿಲ ಮೇಲೆ. ಯಾವ ತಲೆಯೂ ಪಕ್ಕದ ತಲೆಗೆ ಸಮನಾಗಬಾರದು. ಚಿಕ್ಕಪ್ಪ ಎಡತುದಿಯಲ್ಲಿ ಕಂಬಕ್ಕೆ ಒರಗಿದ್ದಾನೆ. ಒಳಗೆ ಬಾ ಎಂದರೆ "ನಾ ಇಲ್ಲೇ ಸೈ" ಎನ್ನುತ್ತಾನೆ. ನಿಮ್ಮ ಹೊಟ್ಟೆಯಲ್ಲಿ ಸಣ್ಣ ಅಳುಕು. ಕ್ಯಾಮೆರಾದ ಚಿತ್ರ ಮೂರಕ್ಕೆ ಎರಡರ ಅಳತೆಯದು, ಕಾರ್ಡು ಐದು ಇಂಚು ಏಳು ಇಂಚಿನದು. ಹೊಂದಿಸುವಾಗ ಅಗಲದಲ್ಲಿ ನೂರಕ್ಕೆ ಏಳರಷ್ಟು ಹೋಗುತ್ತದೆ, ಮೇಲೆ ಪ್ರೆಸ್ಸಿನವರು ಅಂಚು ಕತ್ತರಿಸುತ್ತಾರೆ. ಆಸ್ತಿ ಪಾಲಾದ ಮೇಲೆ ಮೊದಲ ಸಲ ಹಬ್ಬಕ್ಕೆ ಬಂದ ಮನುಷ್ಯನ ಒಂದು ಭುಜ ಕಾರ್ಡಿನಲ್ಲಿ ಇಲ್ಲದಿದ್ದರೆ ಅದನ್ನು ಅಳತೆಯ ಲೆಕ್ಕ ಎಂದು ಯಾರೂ ನಂಬುವುದಿಲ್ಲ. ನೀವೇ ಹೋಗಿ ಅವನ ತೋಳು ಹಿಡಿದು ಅಪ್ಪನ ಪಕ್ಕಕ್ಕೆ ತರುತ್ತೀರಿ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಅರ್ಧ ಅಡಿ ಸರಿದು ಜಾಗ ಬಿಡುತ್ತಾನೆ. ಈ ಸಂಜೆಯ ಅತಿ ಕಷ್ಟದ ಕೆಲಸ ಅಲ್ಲಿಗೆ ಮುಗಿಯಿತು, ಇನ್ನೂ ಒಂದು ಫೋಟೋ ತೆಗೆದಿಲ್ಲ.

ಸೂರ್ಯ ಗುಡ್ಡದ ಹಿಂದೆ. ಬೆಳಕು ಬೂದು ನೀಲಿಗೆ ತಿರುಗುತ್ತಿದೆ. ನೀವು ಹಿಂದೆ ಹಿಂದೆ ನಡೆದು ತುಳಸಿಕಟ್ಟೆಯವರೆಗೆ ಬರುತ್ತೀರಿ. ಹತ್ತಿರ ನಿಂತು ಅಗಲದ ಲೆನ್ಸ್ ಹಾಕಿದರೆ ತುದಿಯಲ್ಲಿದ್ದವರ ಮುಖ ಹಿಗ್ಗುತ್ತದೆ. ಟ್ರೈಪಾಡಿನ ಕಾಲು ಊರಿ, ಎಲ್ಲ ಸಾಲೂ ಸ್ಪಷ್ಟವಾಗಲೆಂದು ಅಪರ್ಚರ್ 5.6, ಮಕ್ಕಳು ಅಲುಗಿದರೂ ಹಿಡಿಯಲೆಂದು ಶಟರ್ ಸೆಕೆಂಡಿನ ಇನ್ನೂರನೇ ಒಂದು ಭಾಗ. ಐಎಸ್‌ಒ 1600ಕ್ಕೆ ಏರಿತು. ಇನ್ನು ಎಷ್ಟು ಚಿತ್ರ ತೆಗೆಯಬೇಕು? ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದಕ್ಕೂ ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಗೆದ್ದರು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ತಲೆಗಳ ಸಂಖ್ಯೆಯನ್ನು ಮೂರರಿಂದ, ಮಂದ ಬೆಳಕಿನಲ್ಲಿ ಎರಡರಿಂದ ಭಾಗಿಸಬೇಕು. ಅಷ್ಟು ಚಿತ್ರ ತೆಗೆದರೆ ಯಾರೂ ಕಣ್ಣು ಮುಚ್ಚದ ಒಂದಾದರೂ ಸಿಗುವುದು ಹೆಚ್ಚುಕಡಿಮೆ ಖಾತ್ರಿ. ಕಾಲು ಗಂಟೆ ಮೊದಲು ನಿಮಗೆ ಐದು ಸಾಕಿತ್ತು. ಈಗ ಏಳು ಬೇಕು. ಟೈಮರನ್ನು ಹತ್ತು ಸೆಕೆಂಡಿಗೆ, ಏಳು ಚಿತ್ರಕ್ಕೆ ಇಡುತ್ತೀರಿ.

ವ್ಯೂಫೈಂಡರಿನಲ್ಲಿ ಅಜ್ಜನ ಮುಖ. ಎದೆ ಉಬ್ಬಿದೆ, ಗಲ್ಲ ಮೇಲಿದೆ, ಅಂಗೈಗಳು ತೊಡೆಯ ಮೇಲೆ ಅಂಟಿವೆ. ಉಸಿರು ಹಿಡಿದಿದ್ದಾನೆ. "ಅಜ್ಜ, ಉಸಿರು ಬಿಡು ಮಾರಾಯ," ಎನ್ನುತ್ತೀರಿ. "ನೀ ಫೋಟೋ ಹೊಡಿ, ಬಿಡ್ತೇನೆ." ಮಿಕ್ಕವರ ತುಟಿಗಳು ಹಿಗ್ಗಿವೆ, ಕಣ್ಣುಗಳು ಹಿಗ್ಗಿಲ್ಲ. ನಗಿ ಎಂದು ಕೇಳಿದರೆ ಸಿಗುವುದು ಇಷ್ಟೇ. ಕಣ್ಣಿನ ಸುತ್ತಲ ಸ್ನಾಯು ಮನಸ್ಸು ಬಂದ ಹೊರತು ಮಿಸುಕುವುದಿಲ್ಲವೆಂದು ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಬರೆದಿಟ್ಟಿದ್ದಾನೆ. ನೀವು ನಗಿ ಎನ್ನುವುದಿಲ್ಲ. "ಮಾವ ಹೋರಿಗೆ ಬೆದರಿ ಹೊಂಡಕ್ಕೆ ಹಾರಿದ್ದು ಯಾವ ವರ್ಷ?" ಎಂದು ಗಾಳಿಯಲ್ಲಿ ಬಿಟ್ಟು ಗುಂಡಿ ಒತ್ತುತ್ತೀರಿ.

ಹತ್ತು. ಕೆಂಪು ದೀಪ ಮಿನುಗತೊಡಗುತ್ತದೆ. ನೀವೂ ಆ ಹದಿನಾಲ್ಕರಲ್ಲಿ ಒಬ್ಬರು, ಓಡಬೇಕು. ಎಂಟು. ಪಂಚೆ ಕಾಲಿಗೆ ತೊಡರುತ್ತದೆ. ಅಂಗಳದ ಮೂಲೆಯಲ್ಲಿ ಮಳೆಗಾಲದ ಪಾಚಿ ಇನ್ನೂ ಪೂರ್ತಿ ಒಣಗಿಲ್ಲ, ಹಿಮ್ಮಡಿ ಜಾರುತ್ತದೆ, ಎದೆ ಬಾಯಿಗೆ ಬರುತ್ತದೆ. ಆರು. ಸಾವರಿಸಿಕೊಂಡಿರಿ. "ಬಿದ್ದ!" ಎಂದು ಚಿಕ್ಕಮ್ಮ. ಐದು. ಮೆಟ್ಟಿಲು. ಹೆಂಡತಿಯ ಪಕ್ಕದ ಖಾಲಿ ಜಾಗ. ನಾಲ್ಕು. ಅಷ್ಟರಲ್ಲಿ ಕೊಟ್ಟಿಗೆಯ ಬಾಗಿಲು ಕಿರ್ರೆನ್ನುತ್ತದೆ, ಮಕ್ಕಳು ಅಗಣಿ ಹಾಕಿಲ್ಲ. ಮೈ ತುಂಬ ಶೇಡಿ ಕೆಮ್ಮಣ್ಣಿನ ಉಂಗುರ ಹೊತ್ತ ಗೌರಿ ಅಂಗಳಕ್ಕೆ ಬರುತ್ತಾಳೆ. ಎರಡು. ದೀಪ ಬಡಬಡ ಮಿನುಗುತ್ತದೆ. ಒಂದೂವರೆ ವರ್ಷದ ಕೂಸು ಅಜ್ಜಿಯ ಮಡಿಲಿನಿಂದ "ಅಂಬಾ" ಎಂದು ಕೈ ಚಾಚುತ್ತದೆ. ಕ್ಲಿಕ್. ಕ್ಲಿಕ್. ಹಸು ಟ್ರೈಪಾಡನ್ನು ಮೂಸುತ್ತಿದೆ. ಕ್ಲಿಕ್. ಅಪ್ಪ "ಹೋಯ್!" ಎನ್ನುತ್ತಾನೆ. ಯಾರೂ ಏಳಬೇಡಿ, ಯಾರೂ ಏಳಬೇಡಿ ಎಂದು ನೀವು ಹಲ್ಲು ಕಚ್ಚಿಕೊಂಡೇ ಹೇಳುತ್ತೀರಿ. ಕ್ಲಿಕ್. ಅಜ್ಜಿ ಬಾಯಿ ಬಿಟ್ಟು ನಗುತ್ತಾಳೆ. ಏಳೂ ಮುಗಿದವು.

ರಾತ್ರಿ ಊಟದ ನಂತರ ಲ್ಯಾಪ್‌ಟಾಪಿನ ಸುತ್ತ ಎಲ್ಲರ ಮೊಣಕೈ. ಮೂರನೆಯದರಲ್ಲಿ ಎಲ್ಲರ ಕಣ್ಣೂ ತೆರೆದಿದೆ, ಅಜ್ಜ ಮಾತ್ರ ಶಿಲೆ. ಆರನೆಯದರಲ್ಲಿ ಅಜ್ಜಿ ನಗುತ್ತಿದ್ದಾಳೆ, ಚಿಕ್ಕಪ್ಪನ ಕೈ ಅಪ್ಪನ ಹೆಗಲ ಮೇಲಿದೆ, ಚಿಕ್ಕಮ್ಮನ ಕಣ್ಣು ಮುಚ್ಚಿದೆ. "ಇದನ್ನ ಈಗಲೇ ಅಳಿಸು," ಎನ್ನುತ್ತಾಳೆ ಅವಳು. ಅವಳ ಸಿಟ್ಟು ರಾಣಿಯ ಸಿಟ್ಟು. 1852ರ ಜನವರಿ 17ರಂದು ವಿಕ್ಟೋರಿಯಾ ರಾಣಿ ಐದು ಮಕ್ಕಳೊಡನೆ ವಿಲಿಯಂ ಕಿಲ್ಬರ್ನನ ಕ್ಯಾಮೆರಾದ ಮುಂದೆ ಕೂತಳು. ಕಣ್ಣು ಮುಚ್ಚಿಹೋಯಿತು. ಬೆಳ್ಳಿ ತಗಡಿನಲ್ಲಿ ಮಕ್ಕಳನ್ನು ಹಾಗೇ ಬಿಟ್ಟು ತನ್ನ ಮುಖವನ್ನಷ್ಟೇ ಕೆರೆದು ಹಾಕಿದಳು. ಎರಡು ದಿನ ಬಿಟ್ಟು ಮತ್ತೆ ಕೂತಾಗ ದೊಡ್ಡ ಟೋಪಿ ಹಾಕಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ಚಿಕ್ಕಮ್ಮನಿಗೆ ಅಷ್ಟು ಕಷ್ಟ ಬೇಡ. ಟ್ರೈಪಾಡು ಅಲುಗಿಲ್ಲವಾದ್ದರಿಂದ ಮೂರನೆಯದರ ಅವಳ ತಲೆಯನ್ನು ಆರನೆಯದಕ್ಕೆ ಕೂರಿಸಬಹುದು, ಅದು ತಪ್ಪೆಂದು ನನಗಂತೂ ಅನಿಸುವುದಿಲ್ಲ. ಕಣ್ಣು ಅವಳದೇ, ಸಂಜೆಯೂ ಅದೇ. ಆದರೆ ಅಪ್ಪನ ಹೆಗಲ ಮೇಲಿನ ಕೈಯನ್ನು ಹಾಗೆ ತಂದು ಅಂಟಿಸಬೇಕಾಗಿ ಬಂದಿದ್ದರೆ ನಾನು ಮೌಸ್ ಮುಟ್ಟುತ್ತಿರಲಿಲ್ಲ.

ಅಜ್ಜ ಕನ್ನಡಕ ಏರಿಸಿ ಎರಡನ್ನೂ ನೋಡುತ್ತಾನೆ. ಮೂರನೆಯದೇ ಆಗಬೇಕಂತೆ. "ಬೀಗರ ಮನೆಗೆ ಹೋಗೋದು. ಹಲ್ಲು ಕಿರಿದದ್ದು ಬೇಡ." ಅಜ್ಜಿ ಪಟ್ಟು ಬಿಡುವುದಿಲ್ಲ: "ಬೀಗರಿಗೆ ನಿಮ್ಮದು, ಮಗನಿಗೆ ನನ್ನದು." ಎರಡು ಚಿತ್ರ, ಎರಡು ಪ್ಲೇಟು, ಖರ್ಚೂ ಹೆಚ್ಚು ಎಂದು ಅಪ್ಪ ಗೊಣಗುತ್ತಾನೆ. ಚಿಕ್ಕಪ್ಪ ತನ್ನ ಪಾಲು ಕೊಡುತ್ತೇನೆ ಎನ್ನುತ್ತಾನೆ. ನೀವು ಎರಡೂ ಫೈಲನ್ನು ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಸಿದ್ಧ ಮಾಡಿ ಪ್ರೆಸ್ಸಿನವನಿಗೆ ಕಳಿಸಲು ಕೂರುತ್ತೀರಿ.

"ಎಷ್ಟು ಪ್ರತಿ ಅಂತ ಬರೆಯಲಿ?"

"ಐವತ್ತು," ಎನ್ನುತ್ತಾನೆ ಅಜ್ಜ. ಆಮೇಲೆ ಬೆರಳು ಮಡಿಸಿ ಏನೋ ಎಣಿಸುತ್ತಾನೆ. "ಐವತ್ತೊಂದು ಹಾಕು. ಪೋಸ್ಟಿನವನಿಗೂ ಒಂದು ಇರಲಿ, ವರ್ಷವೂ ಅವರದ್ದೇ ಹೊತ್ತು ತರ್ತಾನೆ."