ಬೆಟ್ಟದಿಂದ ಇಳಿಸುವವರು

ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಿಂತು ಬಂದವರಿಗೆ ಇಂಗ್ಲೆಂಡಿನ ಬೆಟ್ಟಗಳನ್ನು ಬೆಟ್ಟವೆನ್ನಲು ನಾಲಿಗೆ ಏಳುವುದಿಲ್ಲ. ಆ ದೇಶದ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ 978 ಮೀಟರ್; ನಮ್ಮ ಮುಳ್ಳಯ್ಯನಗಿರಿ 1,930. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್ ನೋಡಲು ಹೊರಟ ನನ್ನಲ್ಲೂ ಈ ಹಮ್ಮು ಸ್ವಲ್ಪ ಇತ್ತು. ಕೆಸ್ವಿಕ್ ಎಂಬ ಪುಟ್ಟ ಊರು ಸೇರಿದ ಮರುದಿನವೇ ಅದು ಕರಗಿತು. ಬೆಳಿಗ್ಗೆ ಒಂಬತ್ತಕ್ಕೆ ಡರ್ವೆಂಟ್ ಸರೋವರದ ಮೇಲೆ ಹೊಳೆಯುವ ಬಿಸಿಲು. ಹತ್ತೂವರೆಗೆ ಎದುರಿನ ಸ್ಕಿಡ್ಡಾ ಬೆಟ್ಟದ ಅರ್ಧ ಭಾಗ ಮಂಜಿನಲ್ಲಿ ಮಾಯ. ಹನ್ನೊಂದಕ್ಕೆ ಗಾಳಿಯೊಡನೆ ಇರಚಲು ಮಳೆ. ಜೂನ್ ತಿಂಗಳಲ್ಲಿ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದೆ.

ಊರಿನ ದಕ್ಷಿಣಕ್ಕೆ ಬಾರೋಡೇಲ್ ಕಣಿವೆ. ಸಿಮೆಂಟು ಕಾಣದ ಕಲ್ಲುಗೋಡೆಗಳು, ಅವುಗಳ ನಡುವೆ ಕುರಿಗಳು, ಬೂದುಬಣ್ಣದ ಕಲ್ಲಿನ ಮನೆಗಳು. ಕಣಿವೆಯ ತುದಿಯ ಸೀತ್‌ವೇಟ್ ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳಲ್ಲೆಲ್ಲ ಅತಿ ಹೆಚ್ಚು ಮಳೆಯ ಊರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು. ನಮ್ಮ ಆಗುಂಬೆಯ ಮುಂದೆ ಇದು ಅರ್ಧದಷ್ಟೂ ಅಲ್ಲ ಎನ್ನಬಹುದು. ಆದರೆ ಆಗುಂಬೆಯ ಮಳೆಯಲ್ಲಿ ನೆನೆದವನಿಗೆ ನೆಗಡಿ ಬರುತ್ತದೆ, ಇಲ್ಲಿ ನೆನೆದವನ ಪ್ರಾಣವೇ ಹೋಗಬಹುದು. ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಒದ್ದೆ ಬಟ್ಟೆಯೂ ಬೀಸುಗಾಳಿಯೂ ಸೇರಿದಾಗ ಆ ಲೆಕ್ಕ ಏನಾಗುತ್ತದೆಂದು ಚರ್ಮಕ್ಕೆ ತಿಳಿದದ್ದು ಅಲ್ಲಿ.

ಆ ಸಂಜೆ ಮಳೆ ನಿಂತಿತ್ತು. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಕಣಿವೆಯ ಒಂದು ಕಡಿದಾದ ಬಂಡೆಯ ಬುಡದಲ್ಲಿ ಹತ್ತು ಹದಿನೈದು ಜನ ಹೆಲ್ಮೆಟ್ ಧರಿಸಿ ನಿಂತಿದ್ದರು. ಮೇಲಿನಿಂದ ಎರಡು ಹಗ್ಗಗಳ ಆಧಾರದಲ್ಲಿ ಒಂದು ಸ್ಟ್ರೆಚರ್ ಇಂಚಿಂಚಾಗಿ ಇಳಿಯುತ್ತಿತ್ತು. ಅದರ ಪಕ್ಕದಲ್ಲೇ ಹಗ್ಗಕ್ಕೆ ತೂಗಿಕೊಂಡ ಒಬ್ಬಾಕೆ, ಸ್ಟ್ರೆಚರ್ ಬಂಡೆಗೆ ಉಜ್ಜದಂತೆ ಕಾಲಿನಿಂದ ದೂಡುತ್ತ, ಮಲಗಿದ್ದವನೊಡನೆ ಮಾತಾಡುತ್ತ ಬರುತ್ತಿದ್ದಳು. ಅಪಘಾತವೆಂದು ನನ್ನ ಎದೆ ಧಸಕ್ಕೆಂದಿತು. ಕೆಳಗೆ ತಲುಪಿದ ‘ಗಾಯಾಳು’ ಪಟ್ಟಿ ಬಿಚ್ಚಿಸಿಕೊಂಡು, ಎದ್ದು ಕುಳಿತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಾಗಲೇ ಗೊತ್ತಾದದ್ದು, ಅದು ಅಭ್ಯಾಸ ಎಂದು!

ಅವರು ಪರ್ವತ ರಕ್ಷಣಾ ತಂಡದವರು. ಅವರಲ್ಲಿ ಯಾರೂ ಸಂಬಳದ ನೌಕರರಲ್ಲ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಇಂಥ 12 ತಂಡಗಳಿವೆ. ಎಲೆಕ್ಟ್ರಿಷಿಯನ್, ದಾದಿ, ಅಂಗಡಿಯವ, ಮೇಷ್ಟರು, ಹೀಗೆ ಊರಿನವರೇ ಸದಸ್ಯರು. ಬೆಟ್ಟದಲ್ಲಿ ಸಿಕ್ಕಿಬಿದ್ದವರು 999ಕ್ಕೆ ಕರೆ ಮಾಡಿ ಪೊಲೀಸರನ್ನು ಕೇಳಬೇಕು, ಪೊಲೀಸರು ತಂಡಕ್ಕೆ ತಿಳಿಸುತ್ತಾರೆ. ಊಟದ ತಟ್ಟೆ ಬಿಟ್ಟು ಹೊರಟರೆ ಮರಳುವುದು ನಡುರಾತ್ರಿಯೋ ಮರುದಿನವೋ. ರಕ್ಷಿಸಿದ್ದಕ್ಕೆ ಒಂದು ಪೌಂಡನ್ನೂ ಪಡೆಯುವುದಿಲ್ಲ. ವಾಹನ, ಹಗ್ಗ, ರೇಡಿಯೊಗಳಿಗೆ ಹಣ ಬರುವುದು ಬಹುಪಾಲು ದೇಣಿಗೆಯಿಂದ. ಅಲ್ಲಿನ ಅಂಗಡಿಗಳಲ್ಲೂ ಹೋಟೆಲುಗಳಲ್ಲೂ ಅವರ ಹುಂಡಿ ಡಬ್ಬಿಗಳಿವೆ.

ಒಂದು ಕಾಲು, ಒಂದು ದಂಡ

ಕೆಸ್ವಿಕ್ ತಂಡ ಹುಟ್ಟಿದ್ದು 1947ರಲ್ಲಿ. ಹಿಂದಿನ ವರ್ಷ ಗ್ರೇಟ್ ಗೇಬಲ್ ಬೆಟ್ಟದಲ್ಲಿ ವಿಲ್‌ಫ್ರಿಡ್ ನಾಯ್ಸ್ ಎಂಬ ಪರ್ವತಾರೋಹಿ ಬಿದ್ದು ಕಾಲು ಮುರಿದುಕೊಂಡರು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ತಂಡದಲ್ಲಿದ್ದ ನಾಯ್ಸ್ ಇವರೇ. ಅವರನ್ನು ಕೆಳಗಿಳಿಸಲು ರಾತ್ರಿಯಿಡೀ ಹಿಡಿಯಿತು. ಜೊತೆಗಿದ್ದ ರಸ್ಟಿ ವೆಸ್ಟ್‌ಮರ್‌ಲ್ಯಾಂಡ್, ಒಳ್ಳೆಯ ಮನಸ್ಸೊಂದೇ ಸಾಲದು, ತರಬೇತಿಯೂ ಬೇಕೆಂದು ಮನಗಂಡು ಊರಿನವರನ್ನು ಕೂಡಿಸಿದರು.

ಇದಕ್ಕಿಂತ ಹಳೆಯದು ಎಡ್ಗರ್ ಪ್ರಯರ್ ಎಂಬುವವರ ಕಥೆ. 1928ರಲ್ಲಿ ಲ್ಯಾಡೋ ಬಂಡೆಗಳಲ್ಲಿ ಅವರ ತೊಡೆಮೂಳೆ ಮುರಿಯಿತು. ಗೆಳೆಯರು ಕೈಗೆ ಸಿಕ್ಕಿದ್ದರಲ್ಲೇ ಸ್ಟ್ರೆಚರ್ ಕಟ್ಟಿ, ಗಂಟೆಗಟ್ಟಲೆ ಹೊತ್ತು ಇಳಿಸಿದರು. ಕೊನೆಗೆ ಕಾಲನ್ನೇ ಕತ್ತರಿಸಬೇಕಾಯಿತು. ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ವಿಲ್ಸನ್ ಹೇ ಅವರಿಗೆ, ಕಾಲನ್ನು ಕಳೆದದ್ದು ಬಿದ್ದ ಪೆಟ್ಟಲ್ಲ, ನೋವು ತಗ್ಗಿಸದೆ ಹೊತ್ತು ತಂದ ಆ ದಾರಿ ಎಂದು ಖಚಿತವಾಯಿತು. ಅಂದಿನಿಂದ ಅವರು ಬೆಟ್ಟದ ರಕ್ಷಣಾ ಠಾಣೆಗಳಿಗೆ ಮಾರ್ಫಿನ್ ಒದಗಿಸತೊಡಗಿದರು. ಕಾನೂನು ಅದಕ್ಕೆ ಒಪ್ಪುತ್ತಿರಲಿಲ್ಲ. 1949ರಲ್ಲಿ ನ್ಯಾಯಾಲಯ 10 ಪೌಂಡ್ ದಂಡ ವಿಧಿಸಿತು. ಆದರೆ ಆ ಮೊಕದ್ದಮೆಯ ಫಲವಾಗಿ ಸರ್ಕಾರ ಪರ್ವತ ರಕ್ಷಕರಿಗೆ ಮಾರ್ಫಿನ್ ಇಟ್ಟುಕೊಳ್ಳಲು ಅನುಮತಿ ಕೊಟ್ಟಿತು.

ಈ ಕಥೆ ನನ್ನ ಹಳೆಯ ಗಾಯವೊಂದನ್ನು ಕೆದಕಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1999ರ ಡಿಸೆಂಬರಿನಲ್ಲಿ, ಮಕ್ಕಳನ್ನು ಕೊಡಚಾದ್ರಿಗೆ ಕರೆದೊಯ್ದಿದ್ದೆ. ಇಳಿಯುವಾಗ ಒಬ್ಬ ಹುಡುಗ ಜಾರಿ ಕಾಲು ಮುರಿದುಕೊಂಡ. ಅವಸರದಲ್ಲಿ ಎರಡು ಗಳುಗಳಿಗೆ ಕಂಬಳಿ ಕಟ್ಟಿ ಹೊತ್ತೆವು. ಪ್ರತಿ ತಿರುವಿನಲ್ಲೂ ಅವನ ಚೀತ್ಕಾರ. ಬೇಗ ಮುಟ್ಟಿಸಿದರೆ ಸಾಕೆಂದು ನಾವು ಇನ್ನಷ್ಟು ಬೇಗ ಹೆಜ್ಜೆ ಹಾಕಿದೆವು. ಎತ್ತುವ ಮೊದಲು ಕಾಲಿಗೆ ಒಂದು ಕೋಲನ್ನಾದರೂ ಕಟ್ಟಬಾರದಿತ್ತೇ ಎಂದು ವೈದ್ಯರು ಕೇಳಿದರು. ಬಿ.ಎಸ್ಸಿ., ಬಿ.ಇಡಿ. ಮೇಷ್ಟರ ಬಳಿ ಉತ್ತರವಿರಲಿಲ್ಲ. ಆ ಹುಡುಗ ಈಗ ಮಕ್ಕಳ ತಂದೆ. ಸಿಕ್ಕಾಗಲೆಲ್ಲ ನಗುತ್ತ ನಮಸ್ಕರಿಸುತ್ತಾನೆ, ಕುಂಟುತ್ತಲೇ ಬಂದು.

ಕಲಿಕೆಯ ಬಗೆ

ಹಾಗಾಗಿ ಆ ಸಂಜೆ ಅವರ ಕೆಲಸವನ್ನು ವಿದ್ಯಾರ್ಥಿಯಂತೆ ನೋಡಿದೆ. ಅವರು ಮೊದಲು ಕಲಿಯುವುದೇ ಅವಸರ ಪಡದಿರುವುದನ್ನು. ಮುರಿದ ಕಾಲನ್ನು ಎತ್ತುವ ಮೊದಲು ಕಟ್ಟುತ್ತಾರೆ. ನೋವಿಗೆ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಸಮಪಾಲು ಬೆರೆತ ಅನಿಲವನ್ನು ಉಸಿರಾಡಿಸುತ್ತಾರೆ. ಸಣ್ಣ ಮಣಿಗಳು ತುಂಬಿದ ಹಾಸಿಗೆಯಲ್ಲಿ ಮಲಗಿಸಿ, ಪಂಪಿನಿಂದ ಒಳಗಿನ ಗಾಳಿ ತೆಗೆಯುತ್ತಾರೆ. ಹೊರಗಿನ ವಾಯುಭಾರ ಒತ್ತಿ ಆ ಹಾಸಿಗೆ ಮೈಯ ಆಕಾರಕ್ಕೇ ಬಿಗಿಯುತ್ತದೆ. ವಾಯುವಿನ ಒತ್ತಡಕ್ಕೆ ಇಷ್ಟು ಚೆಂದದ ಉದಾಹರಣೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿರಲಿಲ್ಲ. ನಾನು ಕಪ್ಪುಹಲಗೆಯ ಮೇಲೆ ಬರೆಯುವ ರಾಟೆಗಳೂ ಅಲ್ಲಿದ್ದವು, ಸ್ಟ್ರೆಚರನ್ನು ಮೇಲೆಳೆಯಲು.

ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅಪಾಯ. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ಗುಣವಾದ ಲಕ್ಷಣವಲ್ಲ, ಕೆಟ್ಟ ಸೂಚನೆ. ತೀರಾ ತಣ್ಣಗಾದವನನ್ನು ಒರಟಾಗಿ ಅಲುಗಿಸಿದರೆ ಹೃದಯದ ಬಡಿತವೇ ತಪ್ಪಬಹುದು. ಇದನ್ನೆಲ್ಲ ಕಲಿತು ಪರೀಕ್ಷೆ ಪಾಸಾದವರ ಪ್ರಮಾಣಪತ್ರಕ್ಕೂ ಮೂರೇ ವರ್ಷ ಆಯುಸ್ಸು. ಮತ್ತೆ ಪರೀಕ್ಷೆ ಬರೆಯಬೇಕು. ನಮ್ಮ ಮೇಷ್ಟರುಗಳಿಗೂ ಇಂಥ ನಿಯಮ ಬಂದರೆ ಎಂದು ಯೋಚಿಸಿ ಒಳಗೊಳಗೇ ಹೆದರಿದೆ!

ನಾಯಿಗಳದ್ದು ಇನ್ನೊಂದು ಸೊಗಸು. ಇವು ನೆಲ ಮೂಸುತ್ತ ಹೋಗುವವಲ್ಲ. ಗಾಳಿಯಲ್ಲಿ ತೇಲಿಬರುವ ಮನುಷ್ಯರ ವಾಸನೆ ಹಿಡಿಯುತ್ತವೆ. ಕುರಿಗಳ ನಾಡಾದ್ದರಿಂದ ಕುರಿ ಕಂಡರೂ ಅಟ್ಟದಿರುವುದು ಮೊದಲ ಪಾಠ. ಯಾರಾದರೂ ಕಂಡರೆ ಓಡಿಬಂದು ಒಡೆಯನ ಮುಂದೆ ಬೊಗಳಿ, ಮತ್ತೆ ಅಲ್ಲಿಗೆ ಕರೆದೊಯ್ಯಬೇಕು. ಇದನ್ನು ಕಲಿಸಲು, ಕಳೆದುಹೋದವರಂತೆ ಗಂಟೆಗಟ್ಟಲೆ ಬಂಡೆಯ ಮರೆಯಲ್ಲಿ ಮಲಗುವ ಸ್ವಯಂಸೇವಕರೇ ಬೇರೆ ಇದ್ದಾರೆ. ಮಳೆಯಲ್ಲಿ ಸುಮ್ಮನೆ ಮಲಗಿರುವುದೂ ಒಂದು ಸೇವೆ.

ಇಷ್ಟು ಎಚ್ಚರ ವಹಿಸಿದರೂ ಬೆಟ್ಟ ತನ್ನ ಬೆಲೆ ಕೇಳುತ್ತದೆ. 2021ರ ಫೆಬ್ರವರಿಯಲ್ಲಿ ಕೋವಿಡ್ ನಿರ್ಬಂಧ ಮುರಿದು ರೆಡ್ ಸ್ಕ್ರೀಸ್ ಬೆಟ್ಟದಲ್ಲಿ ಇಬ್ಬರು ಡೇರೆ ಹಾಕಿದ್ದರು. ಒಬ್ಬನಿಗೆ ಎದೆನೋವು ಬಂತು. ಪ್ಯಾಟರ್‌ಡೇಲ್ ತಂಡ ಹೊರಟಿತು. ಕತ್ತಲಲ್ಲಿ ತಂಡದ ಸದಸ್ಯರೊಬ್ಬರು ಸುಮಾರು 150 ಮೀಟರ್ ಕೆಳಗೆ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಮತ್ತೆ ನಡೆಯಲಾರದಂತಾದರು. ನಿಯಮ ಮುರಿದವರನ್ನು ಹುಡುಕಿ ಹೋಗಬೇಕಿತ್ತೇ ಎಂದು ನಮ್ಮಂಥವರು ಕೇಳಬಹುದು. ಕರೆ ಬಂದಾಗ ಬಿದ್ದವನ ತಪ್ಪನ್ನು ತೂಗುವುದು ತಮ್ಮ ಕೆಲಸವಲ್ಲವೆಂಬುದು ಆ ತಂಡಗಳು ನಡೆದುಬಂದ ದಾರಿ.

ನಮ್ಮ ಬೆಟ್ಟಗಳು

ಊರಿಗೆ ಮರಳಿದ ಮೇಲೂ ಇದು ಮನಸ್ಸಿನಿಂದ ಹೋಗಲಿಲ್ಲ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ ಜಾರಿಬಿದ್ದ ವಿದ್ಯಾರ್ಥಿಯನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯ ಹಿಮಗಾಳಿಗೆ ಕರ್ನಾಟಕದಿಂದ ಹೋದ ತಂಡದ 9 ಮಂದಿ ಬಲಿಯಾದರು. ಆದರೆ ಮಂಜು ಕವಿದ ಮಲೆನಾಡಿನ ಕಾಡಿಗೆ ಹೆಲಿಕಾಪ್ಟರ್ ಇಳಿಯದು. ಅಲ್ಲಿ ದಾರಿ ತಪ್ಪಿದವರನ್ನು ಅರಣ್ಯ ಸಿಬ್ಬಂದಿ, ಪೊಲೀಸರ ಜೊತೆಗೂಡಿ ಹುಡುಕುವವರು ಬೆಟ್ಟದ ಬುಡದ ಹಳ್ಳಿಯವರೇ. ಕೊಡಚಾದ್ರಿಯಲ್ಲಿ ನಮ್ಮ ಹುಡುಗನಿಗೆ ಹೆಗಲು ಕೊಟ್ಟವರೂ ಅವರೇ. ಮನಸ್ಸು, ಕಾಲ್ಬಲ, ಕಾಡಿನ ಗುರುತು ಎಲ್ಲವೂ ಅವರಲ್ಲಿದೆ. ಇಲ್ಲದ್ದು ತರಬೇತಿ, ಒಂದು ಸ್ಟ್ರೆಚರ್, ನಾಲ್ಕು ಹಗ್ಗ. ಇದು ಶ್ರೀಮಂತ ದೇಶದವರಿಗೆ ಮಾತ್ರ ಎನ್ನುವ ಹಾಗೂ ಇಲ್ಲ. ನೆರೆಯ ಮಹಾರಾಷ್ಟ್ರದ ಲೋನಾವಳಾದಲ್ಲಿ ‘ಶಿವದುರ್ಗ ಮಿತ್ರ’ದ ಸ್ವಯಂಸೇವಕರು ಸಹ್ಯಾದ್ರಿಯಲ್ಲೇ ಈ ಕೆಲಸ ಮಾಡುತ್ತಿದ್ದಾರೆ.

ಈಗ ನಾನು ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಮುನ್ನ ಪ್ರತಿಯೊಬ್ಬರಿಗೂ ಒಂದು ಸೀಟಿ ಕೊಡುತ್ತೇನೆ. ಆಪತ್ತಿನಲ್ಲಿ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದಬೇಕು. ಮೂರು ಸಲ ಸೀಟಿ ಕೇಳಿದರೆ ಅದೇ ಉತ್ತರ. ಆಮೇಲೆ ಶಾಲೆಯ ಅಂಗಳದಲ್ಲಿ ಒಬ್ಬನನ್ನು ಮಲಗಿಸಿ, ಕೋಲು, ಟವೆಲುಗಳಿಂದ ಅವನ ಕಾಲು ಕಟ್ಟಿ, ಅಲುಗಾಡಿಸದೆ ಎತ್ತುವ ಅಭ್ಯಾಸ. ಮಕ್ಕಳಿಗೆ ಅದೊಂದು ಆಟ, ನಗುತ್ತಲೇ ಕಲಿಯುತ್ತಾರೆ. ನಗಲಿ. ಕಳೆದ ಸಲ ಅದನ್ನು ತೋರಿಸಿಕೊಡಲು ಕೊಡಚಾದ್ರಿಯ ಆ ಹಳೆಯ ಹುಡುಗನನ್ನೇ ಕರೆದಿದ್ದೆ. ಕಟ್ಟನ್ನು ಮುಟ್ಟಿ ನೋಡಿ, ಇನ್ನೊಂದು ಗಂಟು ಬಿಗಿಯಾಗಬೇಕು ಸಾರ್ ಎಂದ.