ಪೌಂಡಿಗೆ 25,000 ಎಕರೆ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಮಾಹಿತಾಹಿ ಅನ್ನೋ ಪುಟ್ಟ ಊರಿದೆ. ನಕಾಶೆಯಲ್ಲಿ ಬ್ರೂಸ್ ಬೇ ಅಂತಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಡು, ಅದರ ಹಿಂದೆ ಹಿಮದ ಬೆಟ್ಟ. ದಕ್ಷಿಣಕ್ಕೆ ಹಾಸ್ಟ್ ಕಡೆಗಿನ ರಸ್ತೆ ಕೂಡಿದ್ದೇ 1965ರಲ್ಲಿ. ಮಾವುಯಿಯ ದೋಣಿ ದಡ ಮುಟ್ಟಿದ್ದು ಇಲ್ಲೇ ಅಂತಾರೆ ಇಲ್ಲಿನ ಮಾವೋರಿಗಳು. ಕಡಲಿಗೆ ಗಾಳ ಹಾಕಿ ಉತ್ತರ ದ್ವೀಪವನ್ನೇ ಮೇಲೆತ್ತಿದವನು ಮಾವುಯಿ. ಪುರಾಣ ಅಂತ ನಗುವವರು ನಗಲಿ. ಕಾಗದವಿಲ್ಲದ ಜನಕ್ಕೆ ಈ ಕತೆಯೇ ಪಹಣಿ.

ಇವರು ಙೈ ತಾಹು ಕುಲದವರು. ಹೊಳೆಗಳಲ್ಲಿ ಪೌನಾಮು ಎಂಬ ಹಸಿರು ಕಲ್ಲು ಹುಡುಕಿ, ತಿಂಗಳುಗಟ್ಟಲೆ ಉಜ್ಜಿ, ಉಳಿ, ಬಾಚಿ, ಒಡವೆ ಮಾಡುತ್ತಿದ್ದರು. ಬೆನ್ನ ಮೇಲೆ ಹೊತ್ತು ಬೆಟ್ಟ ದಾಟುತ್ತಿದ್ದರು.

1860ರ ಮೇ 21ರಂದು ಜೇಮ್ಸ್ ಮೆಕೆ ಎಂಬ ಸರ್ಕಾರಿ ಅಧಿಕಾರಿ ಅರಾಹುರಾ ಕ್ರಯಪತ್ರಕ್ಕೆ ಅವರ ಮುಖಂಡರಿಂದ ರುಜು ಹಾಕಿಸಿದ. ಸುಮಾರು 75 ಲಕ್ಷ ಎಕರೆ. ಕ್ರಯ 300 ಪೌಂಡು. ಲೆಕ್ಕ ಹಾಕ್ರಿ: ಪೌಂಡಿಗೆ 25,000 ಎಕರೆ! ಮಾಹಿತಾಹಿಯೂ ಅದರೊಳಗೇ ಹೋಯಿತು. ಅವರಿಗೆ ಬಿಟ್ಟದ್ದು ಹತ್ತು ಸಾವಿರ ಎಕರೆಯಷ್ಟು ಚದುರಿದ ತುಂಡುಗಳು. ಹಸಿರು ಕಲ್ಲು ತಮಗೇ ಉಳಿಯಲಿ ಅನ್ನೋದು ಅವರ ಆಸೆ. ಅದಕ್ಕೂ ಭದ್ರತೆ ಸಿಗಲಿಲ್ಲ.

ಗುಂಡು ಹಾರಲಿಲ್ಲ. ಎಲ್ಲಾ ಕಾನೂನು ಪ್ರಕಾರ. ನಮ್ಮ ಮನೆಗಳಲ್ಲಿ ಕಾಗದ ಓದಲು ಕಲಿತ ಮೊದಲ ತಲೆಮಾರು ನಾವು. ಅದಕ್ಕೇ ದಂಡಿನ ಕತೆಗಿಂತ ಕ್ರಯಪತ್ರದ ಕತೆ ನಮಗೆ ಹೆಚ್ಚು ನಡುಕ ಹುಟ್ಟಿಸುತ್ತೆ. ದಂಡು ಬಂದರೆ ಬಂತು ಅಂತ ಅವತ್ತೇ ಗೊತ್ತಾಗುತ್ತೆ. ಕಾಗದ ಬಂದದ್ದು ಮೊಮ್ಮಕ್ಕಳಿಗೆ ಗೊತ್ತಾಗುತ್ತೆ.

ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆ ಕರಾವಳಿಯಲ್ಲಿ ಚಿನ್ನದ ನೂಕುನುಗ್ಗಲು ಶುರುವಾಯಿತು. 1866ರಲ್ಲಿ ಹಂಟ್ ಅನ್ನೋನಿಗೆ ಚಿನ್ನ ಸಿಕ್ಕಿದೆ ಅನ್ನೋ ಗುಲ್ಲಿಗೆ ಬ್ರೂಸ್ ಬೇಗೆ ಜನ ಮುಗಿಬಿದ್ದು, ಏನೂ ಸಿಗದೆ ರೊಚ್ಚಿಗೆದ್ದರು. ಈ ತಮಾಷೆಯನ್ನು ಈಗಲೂ ಹೇಳ್ತಾರೆ. 300 ಪೌಂಡಿನ ತಮಾಷೆ ಹೇಳೋರು ಕಮ್ಮಿ.

ಬಿಟ್ಟ ತುಂಡುಗಳಾದರೂ ಕೈಯಲ್ಲಿದ್ದವೇ? ಅವುಗಳಲ್ಲಿ ಬೆಲೆಬಾಳುವ ನೆಲವನ್ನು, ಗ್ರೇಮೌತ್ ಪೇಟೆಯೂ ಸೇರಿ, ಸರ್ಕಾರವೇ ಗುತ್ತಿಗೆಗೆ ಕೊಟ್ಟಿತು. 1887ರ ಕಾಯ್ದೆ ಆ ಗುತ್ತಿಗೆಯನ್ನು 21 ವರ್ಷಕ್ಕೊಮ್ಮೆ, ಕೊನೆಯೇ ಇಲ್ಲದಂತೆ, ಮುಂದುವರಿಸಲು ಬಿಟ್ಟಿತು. ಹೆಸರಿಗೆ ಒಡೆಯರು ಮಾವೋರಿಗಳು. ಊರು ಕಟ್ಟಿ ಕೂತವರು ಬಿಳಿಯರು. ಗೇಣಿದಾರನೇ ಧಣಿಯಾದ ಉಲ್ಟಾ ಗೇಣಿ ಇದು.

ಙೈ ತಾಹು ಸುಮ್ಮನೆ ಕೂರಲಿಲ್ಲ. ತಲೆಮಾರುಗಳ ಕಾಲ ಅರ್ಜಿ ಬರೆದರು, ಸಾಕ್ಷಿ ನುಡಿದರು. ಕಾಗದದಿಂದ ಹೋದದ್ದನ್ನು ಕಾಗದದಿಂದಲೇ ಕೇಳಿದರು. 1991ರಲ್ಲಿ ವೈತಾಂಗಿ ನ್ಯಾಯಮಂಡಳಿ ಅವರ ದೂರನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 1997ರ ಕಾಯ್ದೆಯಿಂದ ಹಸಿರು ಕಲ್ಲು ಮರಳಿತು. 1998ರಲ್ಲಿ ಸರ್ಕಾರದ ಕ್ಷಮಾಪಣೆ, ಇಡೀ ಕುಲಕ್ಕೆ 17 ಕೋಟಿ ಡಾಲರು. 75 ಲಕ್ಷ ಎಕರೆ ಮರಳಲಿಲ್ಲ.

2005ರಲ್ಲಿ ಮಾಹಿತಾಹಿಯಲ್ಲಿ ಕುಲದವರು ತಮ್ಮ ಮರೈ, ಅಂದರೆ ಸಭಾಂಗಣ, ಕಟ್ಟಿ ತೆರೆದರು. ಹೆಸರು ತೆ ತೌರಾಕಾ ವಾಕಾ ಆ ಮಾವುಯಿ: ಮಾವುಯಿಯ ದೋಣಿ ತಂಗಿದ ಜಾಗ. ಅದೇ ಊರಿನ ಹೆದ್ದಾರಿ ಬದಿಯ ದಂಡೆಯಲ್ಲಿ ಪ್ರವಾಸಿಗಳು ಬೆಳ್ಳಗಿನ ಕಲ್ಲು ಆರಿಸಿ, ಅದರ ಮೇಲೆ ತಮ್ಮ ಹೆಸರು ಬರೆದು ಇಟ್ಟು ಹೋಗುತ್ತಾರೆ.